ಪೋರ್ಟ್ ತೆರೆದಿದೆ, ಕ್ಯಾಮೆರಾ ಮಾತ್ರ ಸಿಗುತ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳ ತೊಂದರೆ ಹೆಚ್ಚುಕಡಿಮೆ ಒಂದೇ. ಐದೂ ಕಡೆ ಎರಡು ರೂಟರ್ ಇವೆ. ಐವರಲ್ಲಿ ಮೂವರಿಗೆ ಹೊರಗಿನಿಂದ ಒಳಗಿನ ಯಾವುದೋ ಒಂದು ಯಂತ್ರವನ್ನು ತಲುಪಬೇಕು, ಆಗುತ್ತಿಲ್ಲ. ಐದೂ ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಬಂದಿವೆ. ಇದಕ್ಕೆ ಕಾರಣ ಇದೆ. ನಮ್ಮ ಕಡೆ ಹಳೇ ಮನೆಗಳ ಗೋಡೆ ದಪ್ಪ. ಮನೆಗೂ ಗೋಡೌನಿಗೂ ದೂರ. ಒಂದು ರೂಟರ್‌ನ ವೈಫೈ ಅಡುಗೆಮನೆಗೇ ಮುಟ್ಟುವುದಿಲ್ಲ, ಇನ್ನು ಕಣಕ್ಕೆ ಎಲ್ಲಿ ಮುಟ್ಟುತ್ತದೆ? ಹಾಗಾಗಿ ಎರಡನೆಯದು ಬರುತ್ತದೆ. ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಉಳಿದ ನಾಲ್ವರೂ ಅದನ್ನು ಓದಿಕೊಂಡೇ ಮುಂದೆ ಬನ್ನಿ.

ಪ್ರಶ್ನೆ: ನಮಸ್ಕಾರ ಸರ್. ನಾವು ಮೂಡಿಗೆರೆ ಹತ್ತಿರದ ಕಾಫಿ ಬೆಳೆಗಾರರು. ಮನೆಗೆ ಫೈಬರ್ ಕನೆಕ್ಷನ್ ಇದೆ, ಅವರು ಕೊಟ್ಟ ರೂಟರ್ ಹಾಲ್‌ನಲ್ಲಿದೆ. ಅಲ್ಲಿಂದ ಕೇಬಲ್ ಎಳೆದು ಕಣದ ಪಕ್ಕದ ಗೋಡೌನ್‌ನಲ್ಲಿ ಇನ್ನೊಂದು ರೂಟರ್ ಇಟ್ಟಿದ್ದೇವೆ. ಸಿಸಿ ಕ್ಯಾಮೆರಾಗಳ ದೃಶ್ಯ ಉಳಿಸಿಡುವ ಪೆಟ್ಟಿಗೆ, ಡಿವಿಆರ್, ಅದಕ್ಕೆ ಸೇರಿದೆ. ಗೋಡೌನ್ ವೈಫೈ ಹಿಡಿದರೆ ಫೋನಿನಲ್ಲಿ ಕ್ಯಾಮೆರಾ ಚೆನ್ನಾಗಿ ಕಾಣುತ್ತದೆ. ಹಾಲ್ ವೈಫೈ ಹಿಡಿದರೆ ಮನೆಯೊಳಗೇ ಕಾಣುವುದಿಲ್ಲ. ಮೈಸೂರಿಗೆ ಮಗಳ ಮನೆಗೆ ಹೋದರಂತೂ ಏನೂ ಇಲ್ಲ. ಕ್ಯಾಮೆರಾ ಹಾಕಿದ ಹುಡುಗ ಗೋಡೌನ್ ರೂಟರ್‌ನಲ್ಲಿ 8000 ಪೋರ್ಟ್ ಫಾರ್ವರ್ಡ್ ಮಾಡಿದ್ದಾನೆ. ಮೂರು ಸಲ ಅಳಿಸಿ ಮತ್ತೆ ಹಾಕಿಯೂ ನೋಡಿದ. ಪೋರ್ಟ್ ಮುಚ್ಚಿದೆ ಎಂದೇ ತೋರಿಸುತ್ತದೆ. ರೂಟರ್ ಕೆಟ್ಟಿದೆ, ಹೊಸದು ತನ್ನಿ ಅನ್ನುತ್ತಾನೆ. ತರಬೇಕಾ? ರೋಬಸ್ಟಾ ಕೊಯ್ಲಿಗೆ ಮುಂಚೆ ಸರಿಯಾಗಬೇಕು. ಹಣ್ಣು ಕಣದಲ್ಲಿ ಹರಡಿದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ: ರೂಟರ್ ತರಬೇಡಿ. ಕೆಟ್ಟಿಲ್ಲ. ಆ ಹುಡುಗ ಮಾಡಿದ ಕೆಲಸವೂ ತಪ್ಪಲ್ಲ. ಎರಡು ಗೇಟಿನಲ್ಲಿ ಒಂದನ್ನು ಮಾತ್ರ ತೆಗೆದಿದ್ದಾನೆ, ಅಷ್ಟೇ.

ನಿಮ್ಮ ತೋಟವನ್ನೇ ನೆನೆಸಿಕೊಳ್ಳಿ. ಟಾರ್ ರಸ್ತೆ ಪಕ್ಕ ಒಂದು ಗೇಟು. ಒಳಗೆ ಬಂದರೆ ಗೋಡೌನಿಗೆ ಇನ್ನೊಂದು ಗೇಟು. ಗೋಡೌನ್ ಗೇಟಿನಲ್ಲಿ ಕೂತವನಿಗೆ ‘8000 ಎಂದು ಕೇಳಿಕೊಂಡು ಯಾರಾದರೂ ಬಂದರೆ ಡಿವಿಆರ್ ಹತ್ತಿರ ಕಳಿಸು’ ಎಂದು ಹೇಳಿದ್ದೀರಿ. ಪೋರ್ಟ್ ಫಾರ್ವರ್ಡ್ ಎಂದರೆ ಇದೇ. ಅವನು ಕಳಿಸಲು ತಯಾರಾಗಿಯೇ ಕೂತಿದ್ದಾನೆ. ಆದರೆ ರಸ್ತೆ ಗೇಟಿನವನಿಗೆ ಯಾರೂ ಏನೂ ಹೇಳಿಲ್ಲ. ಗುರುತಿಲ್ಲದವರನ್ನು ಅವನು ಅಲ್ಲೇ ವಾಪಸ್ ಕಳಿಸುತ್ತಾನೆ. ರೂಟರ್‌ನ ಕೆಲಸವೇ ಹಾಗೆ. ಒಳಗಿನಿಂದ ಹೊರಗೆ ಹೋದವರ ಪಟ್ಟಿಯೊಂದನ್ನು ಅದು ಇಟ್ಟುಕೊಂಡಿರುತ್ತದೆ, ಅವರಿಗೆ ಬಂದ ಉತ್ತರವನ್ನು ಮಾತ್ರ ಒಳಗೆ ಬಿಡುತ್ತದೆ. ಯಾರೂ ಕರೆಯದೆ ತಾನಾಗಿ ಬಂದದ್ದನ್ನು ಬಿಸಾಡುತ್ತದೆ. ಇದಕ್ಕೆ ನ್ಯಾಟ್ ಎನ್ನುತ್ತಾರೆ. ಎರಡು ರೂಟರ್ ಒಂದರ ಹಿಂದೆ ಒಂದು ಇದ್ದರೆ ನ್ಯಾಟ್ ಎರಡು ಸಲ ಆಗುತ್ತದೆ.

ಹೀಗಾದಾಗ ಮೊದಲು ಮಾಡಬೇಕಾದ ಕೆಲಸ ಒಂದೇ. ಫಾರ್ವರ್ಡಿಂಗ್ ಪುಟಕ್ಕೆ ಕೈ ಹಾಕಬೇಡಿ. ಪ್ರತಿ ರೂಟರ್‌ನ ಸ್ಟೇಟಸ್ ಪುಟ ತೆರೆದು, ‘ವ್ಯಾನ್ ಐಪಿ’ ಎಂದಿರುವ ಕಡೆ ಯಾವ ಸಂಖ್ಯೆ ಇದೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಗೇಟಿನ ಹೊರಗಡೆ ಇರುವ ವಿಳಾಸ ಅದು. ಇದಕ್ಕೆ ಐದು ನಿಮಿಷ ಸಾಕು. ಇದನ್ನು ಬಿಟ್ಟು ಬರೀ ಪೋರ್ಟ್ ಸಂಖ್ಯೆಗಳನ್ನೇ ಅಳಿಸಿ ಬರೆಯುತ್ತ ಎರಡು ಮೂರು ದಿನ ಕಳೆದವರನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

192.168 ಎಂದು ಶುರುವಾಗುವುದು, 10 ಎಂದು ಶುರುವಾಗುವುದು, 172.16 ರಿಂದ 172.31 ರವರೆಗಿನದು, ಈ ಮೂರೂ ಮನೆಯೊಳಗಿನ ವಿಳಾಸಗಳು. ಹೊರಗಿನ ಇಂಟರ್ನೆಟ್‌ನಲ್ಲಿ ಇವು ನಡೆಯುವುದಿಲ್ಲ. ರೂಟರ್‌ನ ವ್ಯಾನ್ ಐಪಿ ಜಾಗದಲ್ಲಿ ಇಂಥದ್ದು ಕಂಡರೆ ಅದರ ಮುಂದೆ ಇನ್ನೊಂದು ಗೇಟು ಇದೆ ಎಂದೇ ಲೆಕ್ಕ.

ನಿಮಗೆ ಫೋನ್ ಮಾಡಿ ಇಬ್ಬರೂ ಸೇರಿ ಇದನ್ನೇ ನೋಡಿದೆವಲ್ಲ, ಅದನ್ನು ಉಳಿದ ಓದುಗರಿಗಾಗಿ ಬರೆಯುತ್ತೇನೆ. ಗೋಡೌನ್ ರೂಟರ್‌ನ ವ್ಯಾನ್ ಐಪಿ 192.168.1.4. ಅಂದರೆ ಅದು ಹಾಲ್ ರೂಟರ್ ಕೊಟ್ಟ ವಿಳಾಸ. ಗೋಡೌನ್ ಒಳಗೆ ಡಿವಿಆರ್ ವಿಳಾಸ 192.168.0.50. ಮೊದಲ ಮೂರು ಸಂಖ್ಯೆಗಳನ್ನು ಕೇರಿಯ ಹೆಸರು ಎಂದುಕೊಳ್ಳಿ, ಎರಡೂ ಬೇರೆ ಬೇರೆ ಕೇರಿಗಳು. ಹಾಲ್ ವೈಫೈನಲ್ಲಿ ಕೂತರೆ ಕ್ಯಾಮೆರಾ ಯಾಕೆ ಕಾಣುವುದಿಲ್ಲ ಎಂಬುದಕ್ಕೂ ಉತ್ತರ ಇದೇ. ಹಾಲ್ ರೂಟರ್‌ಗೆ 192.168.0 ಎಂಬ ಕೇರಿ ಇರುವುದೇ ಗೊತ್ತಿಲ್ಲ. ನಿಮ್ಮ ಪತ್ರದಲ್ಲಿ ಆ ಒಂದು ಸಾಲು ಓದಿದ ಕೂಡಲೇ ನನಗೆ ವಿಷಯ ಅರ್ಧ ಗೊತ್ತಾಗಿತ್ತು.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಹಾಲ್ ವೈಫೈ ಹಿಡಿದುಕೊಂಡು, ಆ್ಯಪ್‌ನಲ್ಲಿ ಡಿವಿಆರ್ ವಿಳಾಸದ ಬದಲು 192.168.1.4 ಹಾಕಿ, ಪೋರ್ಟ್ 8000 ಕೊಟ್ಟೆವು. ಕಣ ಕಂಡಿತು! ಅಂದರೆ ಗೋಡೌನ್ ಗೇಟಿನವನು ಸರಿಯಾಗಿ ಕೆಲಸ ಮಾಡುತ್ತಿದ್ದಾನೆ, ಹುಡುಗ ಹಾಕಿದ ಫಾರ್ವರ್ಡಿಂಗ್ ಸರಿಯಾಗಿಯೇ ಇದೆ. ಎಲ್ಲವನ್ನೂ ಒಟ್ಟಿಗೆ ಹೊರಗಿನಿಂದ ಪರೀಕ್ಷೆ ಮಾಡಿದರೆ ಯಾವ ಗೇಟು ಮುಚ್ಚಿದೆ ಎಂದು ತಿಳಿಯುವುದಿಲ್ಲ. ಒಳಗಿನಿಂದ ಶುರು ಮಾಡಿ ಒಂದೊಂದೇ ಗೇಟು ದಾಟುತ್ತ ಬರಬೇಕು.

ಈಗ ಹಾಲ್ ರೂಟರ್. ಇಲ್ಲಿ ಮೂರು ದಾರಿ ಇವೆ. ಮೂರರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಎರಡನೇ ರೂಟರ್‌ನಿಂದ ಗೇಟು ಕಾಯುವ ಕೆಲಸವನ್ನೇ ತೆಗೆಯುವುದು. ಈಚಿನ ರೂಟರ್‌ಗಳಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂದಿರುತ್ತದೆ, ಅದನ್ನು ಆರಿಸಿ ಉಳಿಸಿದರೆ ಮುಗಿಯಿತು. ಹಳೆಯದಾಗಿದ್ದು ಆ ಆಯ್ಕೆ ಇಲ್ಲದಿದ್ದರೆ ಕೈಯಲ್ಲೇ ಮಾಡಬಹುದು. ಮೊದಲು ಅದರ ಸ್ವಂತ ವಿಳಾಸವನ್ನು ಹಾಲ್ ರೂಟರ್‌ನ ಕೇರಿಗೆ ತನ್ನಿ, ಯಾರಿಗೂ ಕೊಡದ ಒಂದು ಸಂಖ್ಯೆ, 192.168.1.2 ಅಂತ ಇಟ್ಟುಕೊಳ್ಳಿ. ಯಂತ್ರಗಳಿಗೆ ವಿಳಾಸ ಹಂಚುವ ಕೆಲಸ, ಅಂದರೆ ಡಿಎಚ್‌ಸಿಪಿ, ನಿಲ್ಲಿಸಿ. ಆಮೇಲೆ ಹಾಲ್‌ನಿಂದ ಬಂದ ಕೇಬಲನ್ನು ವ್ಯಾನ್ ತೂತಿನಿಂದ ಕಿತ್ತು ಪಕ್ಕದ ಲ್ಯಾನ್ ತೂತಿಗೆ ಹಾಕಿ. ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಇಷ್ಟಾದರೆ ಗೋಡೌನ್ ರೂಟರ್ ಬರೀ ವೈಫೈ ಕೊಡುವ ಪೆಟ್ಟಿಗೆ ಆಗುತ್ತದೆ. ಎಲ್ಲ ಯಂತ್ರಗಳೂ ಒಂದೇ ಕೇರಿಗೆ ಬರುತ್ತವೆ. ಒಂದು ಫಾರ್ವರ್ಡಿಂಗ್ ಸಾಕು, ಅದೂ ಹಾಲ್ ರೂಟರ್‌ನಲ್ಲಿ.

ಎರಡನೇ ದಾರಿ ಇದರ ತಿರುಗುಮುರುಗು. ಕಂಪನಿಯವರ ರೂಟರನ್ನು ‘ಬ್ರಿಡ್ಜ್ ಮೋಡ್’ಗೆ ಹಾಕಿ, ಲಾಗಿನ್ ಹೆಸರು ಪಾಸ್‌ವರ್ಡ್‌ಗಳನ್ನು ನಿಮ್ಮ ರೂಟರ್‌ಗೆ ಕೊಡುವುದು. ಇದು ಒಳ್ಳೆಯದೇ, ಆದರೆ ಕಂಪನಿಯವರೇ ಮಾಡಿಕೊಡಬೇಕಾಗಬಹುದು. ಹಾಲ್ ರೂಟರ್‌ನ ವೈಫೈ ಆಗ ಸಾಮಾನ್ಯವಾಗಿ ನಿಂತುಹೋಗುತ್ತದೆ. ಅದೇ ಪೆಟ್ಟಿಗೆಯಲ್ಲಿ ಲ್ಯಾಂಡ್‌ಲೈನ್ ಫೋನ್ ಇದ್ದರೆ ಮುಂಚೆಯೇ ಕೇಳಿಕೊಳ್ಳಿ.

ಮೂರನೆಯದು ಎರಡೂ ಕಡೆ ಫಾರ್ವರ್ಡ್ ಮಾಡುವುದು. ಹಾಲ್ ರೂಟರ್‌ನಲ್ಲಿ 8000 ಬಂದರೆ 192.168.1.4 ಕಡೆ, ಗೋಡೌನ್ ರೂಟರ್‌ನಲ್ಲಿ 8000 ಬಂದರೆ 192.168.0.50 ಕಡೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಹಾಲ್ ರೂಟರ್‌ನಲ್ಲೂ ಡಿವಿಆರ್ ವಿಳಾಸವನ್ನೇ ಬರೆಯುತ್ತಾರೆ. ಅದಕ್ಕೆ ಆ ಕೇರಿ ಗೊತ್ತಿಲ್ಲ ಅಂತ ಹೇಳಿದೆನಲ್ಲ. ಅಲ್ಲಿ ಬರೆಯಬೇಕಾದದ್ದು ಎರಡನೇ ರೂಟರ್‌ನ ಹೊರಗಿನ ವಿಳಾಸ.

ನಿಮ್ಮ ಮನೆಯಲ್ಲಿ ಮೊದಲ ದಾರಿ ಹಿಡಿದೆವು. ಹಾಲ್‌ನಲ್ಲಿ ಕೂತು ಕ್ಯಾಮೆರಾ ನೋಡುವುದು ಅವತ್ತೇ ಸರಿಹೋಯಿತು. ಮೈಸೂರಿನಿಂದ ಮಾತ್ರ ಆಗಲೂ ಸಿಗಲಿಲ್ಲ. ಯಾಕೆಂದರೆ ಚೀಟಿಯಲ್ಲಿ ಬರೆದಿದ್ದ ಎರಡನೇ ಸಂಖ್ಯೆ, ಅಂದರೆ ಹಾಲ್ ರೂಟರ್‌ನ ವ್ಯಾನ್ ಐಪಿ, 100.72 ಎಂದು ಶುರುವಾಗುತ್ತಿತ್ತು, ನೆನಪಿದೆಯಾ?

ಇದು ಮೂರನೇ ಗೇಟು. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ಚೆಕ್‌ಪೋಸ್ಟ್ ಸಿಗುತ್ತದಲ್ಲ, ಹಾಗೆ. ಅದು ನಿಮ್ಮ ತೋಟದ್ದಲ್ಲ, ಅದರ ಕೀಲಿ ನಿಮ್ಮ ಕೈಯಲ್ಲಿಲ್ಲ. ಕಂಪನಿಯವರೇ ತಮ್ಮ ಕಡೆ ಒಂದು ದೊಡ್ಡ ನ್ಯಾಟ್ ಇಟ್ಟು, ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ. ಇದಕ್ಕೆ ಸಿಜಿ ನ್ಯಾಟ್ ಎನ್ನುತ್ತಾರೆ. ಅವರದೇನೂ ಹಠವಲ್ಲ. ಹಳೇ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಕೇಳಲು ದೊಡ್ಡದು, ಆದರೆ ಪ್ರಪಂಚದಲ್ಲಿ ಜನರೇ ಅದಕ್ಕಿಂತ ಜಾಸ್ತಿ, ಒಬ್ಬೊಬ್ಬರ ಹತ್ತಿರ ಎರಡು ಮೂರು ಯಂತ್ರ. ವಿಳಾಸ ಹಂಚುವ ಕೇಂದ್ರ ಸಂಸ್ಥೆಯಾದ ಐಯಾನಾದ ಖಜಾನೆ 2011 ರ ಫೆಬ್ರವರಿಯಲ್ಲೇ ಖಾಲಿಯಾಯಿತು. 2012 ರಲ್ಲಿ 100.64 ರಿಂದ 100.127 ರವರೆಗಿನ ವಿಳಾಸಗಳನ್ನು ಇಂಥ ಹಂಚಿಕೆಗೆಂದೇ ಬೇರೆ ತೆಗೆದಿಟ್ಟರು. ನಿಮ್ಮ 100.72 ಅದರೊಳಗೇ ಬರುತ್ತದೆ.

ಕೆಲವು ಕಡೆ ಇದೇ ಕೆಲಸಕ್ಕೆ 10 ರಿಂದ ಶುರುವಾಗುವ ವಿಳಾಸ ಬಳಸುತ್ತಾರೆ. ಅನುಮಾನ ಬಂದರೆ ಮನೆಯ ವೈಫೈನಲ್ಲೇ ಇದ್ದು ‘ನನ್ನ ಐಪಿ ಏನು’ ಎಂದು ತೋರಿಸುವ ಯಾವುದಾದರೂ ತಾಣ ತೆರೆಯಿರಿ. ಅಲ್ಲಿನ ಸಂಖ್ಯೆಯೂ ಹಾಲ್ ರೂಟರ್‌ನ ವ್ಯಾನ್ ಐಪಿಯೂ ಒಂದೇ ಆಗಿದ್ದರೆ ಚೆಕ್‌ಪೋಸ್ಟ್ ಇಲ್ಲ. ಬೇರೆಯಾಗಿದ್ದರೆ ಇದೆ. ಫೋನಿನಲ್ಲಿ ನೋಡುವುದಾದರೆ ಮೊಬೈಲ್ ಡೇಟಾ ಆಫ್ ಇರಲಿ, ಇಲ್ಲದಿದ್ದರೆ ಸಿಮ್‌ನ ವಿಳಾಸ ನೋಡಿ ಮೋಸ ಹೋಗುತ್ತೀರಿ.

ಚೆಕ್‌ಪೋಸ್ಟ್ ಇದ್ದಾಗ ಮನೆಯಲ್ಲಿ ಎಷ್ಟು ಫಾರ್ವರ್ಡ್ ಮಾಡಿದರೂ ಅಷ್ಟೇ. ಹೊಸ ರೂಟರ್ ತಂದರೂ ಅಷ್ಟೇ. ಡಿಎಂಜೆಡ್ ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಹಾಕಿದರೂ ಅಷ್ಟೇ. ಕಂಪನಿಗೆ ಫೋನ್ ಮಾಡಿ ‘ಪಬ್ಲಿಕ್ ಐಪಿ ಬೇಕು’ ಅಥವಾ ‘ಸ್ಟ್ಯಾಟಿಕ್ ಐಪಿ ಬೇಕು’ ಎಂದು ಕೇಳಬಹುದು. ಅದಕ್ಕೆ ಬೇರೆ ದುಡ್ಡು ಕೇಳುವುದೇ ಹೆಚ್ಚು. ಕೊಡುವ ಮುಂಚೆ ಒಂದು ಮಾತು ಕೇಳಿ.

ನಿಮಗೆ ನಿಜವಾಗಿ ಬೇಕಾಗಿರುವುದು ಏನು? ಕಣ ಕಾಣಬೇಕು. ಪೋರ್ಟ್ ತೆರೆಯುವುದು ಅದಕ್ಕೆ ಇರುವ ದಾರಿಗಳಲ್ಲಿ ಒಂದು ಮಾತ್ರ, ಅದೂ ಒಳ್ಳೆಯ ದಾರಿ ಅಲ್ಲ. ತೆರೆದ ಪೋರ್ಟ್ ನಿಮಗೊಬ್ಬರಿಗೇ ಅಲ್ಲ, ಪ್ರಪಂಚಕ್ಕೆಲ್ಲ ತೆರೆದಿರುತ್ತದೆ. ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ಒಂದೊಂದೇ ವಿಳಾಸದ ಬಾಗಿಲು ತಟ್ಟಿ ನೋಡುವ ಯಂತ್ರಗಳಿವೆ. 2016 ರಲ್ಲಿ ಮಿರಾಯ್ ಎಂಬ ಕಳ್ಳ ಪ್ರೋಗ್ರಾಂ ಹೀಗೇ ತಟ್ಟುತ್ತ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕ್ಯಾಮೆರಾ, ಡಿವಿಆರ್‌ಗಳನ್ನು ಲಕ್ಷಗಟ್ಟಲೆ ವಶ ಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21 ರಂದು ಅಂಥ ಯಂತ್ರಗಳನ್ನೆಲ್ಲ ಒಟ್ಟಿಗೆ ನುಗ್ಗಿಸಿ ಡೈನ್ ಎಂಬ ಕಂಪನಿಯ ಸರ್ವರ್‌ಗಳನ್ನು ಮುಳುಗಿಸಿದರು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅವತ್ತು ತುಂಬಾ ಕಡೆ ಸಿಗಲಿಲ್ಲ. 8000 ಬದಲು 48000 ಹಾಕಿದರೆ ಸಾಕಲ್ವಾ ಎಂದು ಕೆಲವರು ಕೇಳುತ್ತಾರೆ. ಪೋರ್ಟ್‌ಗಳು ಒಟ್ಟು 65535. ಯಂತ್ರಕ್ಕೆ ಅಷ್ಟನ್ನೂ ತಟ್ಟುವುದು ಕಷ್ಟದ ಕೆಲಸವಲ್ಲ.

ಹಾಗಾಗಿ ನಿಮಗೆ ನಾನು ಹೇಳಿದ್ದು ವಿಪಿಎನ್, ಅಂದರೆ ನಿಮ್ಮ ಫೋನಿಗೂ ಮನೆಗೂ ನಡುವೆ ಒಂದು ಖಾಸಗಿ ದಾರಿ. ಮನೆಯಲ್ಲಿ ಸದಾ ಆನ್ ಇರುವ ಒಂದು ಸಣ್ಣ ಕಂಪ್ಯೂಟರ್ ಬೇಕು, ರಾಸ್ಪ್‌ಬೆರಿ ಪೈ ಆದರೂ ಸರಿ, ಮೂಲೆಯಲ್ಲಿ ಬಿದ್ದ ಹಳೇ ಲ್ಯಾಪ್‌ಟಾಪ್ ಆದರೂ ಸರಿ. ಅದರಲ್ಲಿ ಟೈಲ್‌ಸ್ಕೇಲ್ ಎಂಬ ವಿಪಿಎನ್ ಆ್ಯಪ್ ಹಾಕಿ, ಇಡೀ ಮನೆಯ ಕೇರಿಗೆ ಅದು ದಾರಿ ತೋರಿಸುವಂತೆ ಮಾಡಿ. ಅದಕ್ಕೆ ‘ಸಬ್‌ನೆಟ್ ರೂಟರ್’ ಎನ್ನುತ್ತಾರೆ. ನಿಮ್ಮ ಫೋನಿಗೂ ಅದೇ ಆ್ಯಪ್ ಹಾಕಿ ಅದೇ ಖಾತೆಯಲ್ಲಿ ಲಾಗಿನ್ ಆಗಿ. ಎರಡೂ ಕಡೆಯಿಂದ ಸಂಪರ್ಕ ಒಳಗಿನಿಂದ ಹೊರಗೆ ಹೋಗಿ ಸೇರುತ್ತದೆ, ಹೊರಗಿನಿಂದ ಒಳಗೆ ಯಾರೂ ಬರಬೇಕಿಲ್ಲ. ಗೇಟು ಮೂರಿರಲಿ ನಾಲ್ಕಿರಲಿ, ಒಂದನ್ನೂ ತೆರೆಯಬೇಕಿಲ್ಲ. ಅದು ಕೊಡುವ ವಿಳಾಸವೂ 100 ರಿಂದಲೇ ಶುರುವಾಗುತ್ತದೆ, ಅದನ್ನು ನೋಡಿ ಕಂಪನಿಯವರ ವಿಳಾಸ ಎಂದುಕೊಳ್ಳಬೇಡಿ.

ಇದು ಕಷ್ಟ ಎನಿಸುವವರಿಗೆ ಡಿವಿಆರ್ ತಯಾರಕರದೇ ಆ್ಯಪ್ ಇದೆ. ಪೆಟ್ಟಿಗೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಅದಕ್ಕೂ ಪೋರ್ಟ್ ಬೇಡ. ಆದರೆ ದಾರಿ ತೋರಿಸುವವರು ಅಲ್ಲಿ ಅವರು, ನೀವು ಅವರ ಸರ್ವರನ್ನು ನಂಬಬೇಕು. ಗೋಡೌನ್, ಕಣಕ್ಕೆ ಅದು ಪರವಾಗಿಲ್ಲ ಅನ್ನುತ್ತೇನೆ. ಮನೆಯೊಳಗಿನ ಕ್ಯಾಮೆರಾಗೆ ಬೇಡ ಅನ್ನುತ್ತೇನೆ.

ವಿಪಿಎನ್ ಹಾಕಿದ ಮೇಲೆ ಮೈಸೂರಿನಲ್ಲಿ ಒಂದು ತೊಡಕು ಬರಬಹುದು. ನಿಮ್ಮ ಮನೆಯ ಕೇರಿ 192.168.1, ಮಗಳ ಮನೆಯದೂ 192.168.1 ಆಗಿದ್ದರೆ ಫೋನಿಗೆ ಯಾವ ಕೇರಿ ಎಂದು ಗೊತ್ತಾಗದೆ ಪಕ್ಕದಲ್ಲೇ ಹುಡುಕುತ್ತದೆ. ಅಲ್ಲಿ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿದರೆ ಕಾಣುತ್ತದೆ. ಖಾಯಂ ಪರಿಹಾರ ಬೇಕೆಂದರೆ ತೋಟದ ಮನೆಯ ಕೇರಿಯನ್ನೇ 192.168.47 ಎಂದೋ ಏನೋ ಯಾರೂ ಇಡದ ಸಂಖ್ಯೆಗೆ ಬದಲಿಸಿ.

ಕೇಬಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಾಲ್‌ನಿಂದ ಗೋಡೌನಿಗೆ ಸುಮಾರು 80 ಮೀಟರ್ ಲ್ಯಾನ್ ಕೇಬಲ್, ಸಿಲ್ವರ್ ಮರಗಳಿಗೆ ಕಟ್ಟಿಕೊಂಡು ಹೋಗಿದೆ ಅಂದಿರಿ. 100 ಮೀಟರ್ ಒಳಗೆ ಇರುವುದರಿಂದ ಸಿಗ್ನಲ್‌ಗೆ ತೊಂದರೆ ಇಲ್ಲ. ಹೆದರಿಕೆ ಇರುವುದು ಸಿಡಿಲಿನದು. ಹೂಮಳೆ ಜೊತೆ ಬರುವ ಗುಡುಗು ಸಿಡಿಲು ನಿಮಗೆ ನಾನು ಹೇಳಬೇಕಿಲ್ಲ. ತಾಮ್ರದ ತಂತಿ ಎರಡು ಕಟ್ಟಡದ ನಡುವೆ ಬಯಲಲ್ಲಿ ತೂಗುತ್ತಿದ್ದರೆ ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿಗೂ ಎರಡೂ ಕಡೆಯ ಪೋರ್ಟ್ ಸುಟ್ಟುಹೋಗುತ್ತದೆ. ಆ ದೂರಕ್ಕೆ ಫೈಬರ್ ಎಳೆಸಿ, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಹಾಕಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಬಲಕ್ಕೆ ಉಕ್ಕಿನ ತಂತಿ ಇಲ್ಲದ ಫೈಬರನ್ನೇ ಕೇಳಿ ತಗೊಳ್ಳಿ, ಇಲ್ಲದಿದ್ದರೆ ಆ ಉಕ್ಕಿನ ಮೂಲಕ ಸಿಡಿಲು ಮತ್ತೆ ಒಳಗೆ ಬರುತ್ತದೆ. ಹೊಸ ರೂಟರ್‌ಗೆಂದು ಎತ್ತಿಟ್ಟ ದುಡ್ಡನ್ನು ಇದಕ್ಕೆ ಹಾಕಿ.

ಪ್ರಶ್ನೆ: ಸರ್, ನಾನು ಹಾಸನದ ವಿದ್ಯಾನಗರದಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿ. ಮನೆಯ ಕಂಪ್ಯೂಟರ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ ಹಾಕಿದ್ದೇನೆ. ಎರಡು ರೂಟರ್, ಎರಡರಲ್ಲೂ 25565 ಫಾರ್ವರ್ಡ್ ಮಾಡಿದ್ದೇನೆ, ಪಬ್ಲಿಕ್ ಐಪಿ ಇದೆ. ನನ್ನ ಹೊರಗಿನ ಐಪಿ ಹಾಕಿ ನಾನೇ ಸೇರಲು ನೋಡಿದರೆ ಆಗುವುದಿಲ್ಲ. ಎರಡು ವಾರದಿಂದ ಒದ್ದಾಡುತ್ತಿದ್ದೇನೆ.

ಉತ್ತರ: ಎರಡು ವಾರದಲ್ಲಿ ಒಮ್ಮೆಯಾದರೂ ಬೇರೆ ಮನೆಯಲ್ಲಿರುವ ಗೆಳೆಯನಿಗೆ ಸೇರಲು ಹೇಳಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಮೊದಲು ಅದನ್ನು ಮಾಡಿ. ಅವನಿಗೆ ಸೇರಲು ಆಗುತ್ತಿರಬಹುದು, ತೊಂದರೆ ನಿಮಗೊಬ್ಬರಿಗೇ ಇರಬಹುದು.

ಮನೆಯೊಳಗೆ ಕೂತು ಮನೆಯದೇ ಹೊರಗಿನ ವಿಳಾಸಕ್ಕೆ ಹೋದರೆ ಮಾತು ರೂಟರ್‌ವರೆಗೆ ಹೋಗಿ ಅಲ್ಲಿಂದ ಒಳಕ್ಕೆ ತಿರುಗಿ ಬರಬೇಕು. ಘಾಟಿಯ ಹೇರ್‌ಪಿನ್ ತಿರುವಿನ ಹಾಗೆ, ಹೆಸರೂ ಹೇರ್‌ಪಿನ್ ನ್ಯಾಟ್ ಎಂದೇ ಇದೆ. ಕೆಲವು ರೂಟರ್‌ಗಳಿಗೆ ಈ ತಿರುವು ತೆಗೆದುಕೊಳ್ಳಲು ಬರುವುದಿಲ್ಲ. ಆಗ ಹೊರಗಿನವರಿಗೆಲ್ಲ ಸಿಗುತ್ತದೆ, ಮನೆಯವರಿಗೆ ಮಾತ್ರ ಸಿಗುವುದಿಲ್ಲ. ನೀವು ಮನೆಯಲ್ಲಿರುವಾಗ ಕಂಪ್ಯೂಟರ್‌ನ ಒಳಗಿನ ವಿಳಾಸವನ್ನೇ ಹಾಕಿ ಆಡಿ. ಪರೀಕ್ಷೆಯನ್ನು ಹೊರಗಿನಿಂದ ಮಾಡಿಸಿ.

ಪೋರ್ಟ್ ಪರೀಕ್ಷಿಸುವ ತಾಣಗಳನ್ನು ಬಳಸುವುದಾದರೆ ಆ ಹೊತ್ತಿಗೆ ಸರ್ವರ್ ಓಡುತ್ತಿರಲೇಬೇಕು. ಬಾಗಿಲ ಹಿಂದೆ ಓಗೊಡುವವರಿಲ್ಲದಿದ್ದರೆ ಎಲ್ಲ ಸರಿ ಇದ್ದರೂ ‘ಮುಚ್ಚಿದೆ’ ಎಂದೇ ಬರುತ್ತದೆ. ವಿಂಡೋಸ್ ಫೈರ್‌ವಾಲ್ ಕೂಡ ಒಂದು ಗೇಟು, ಅದರಲ್ಲೂ ಅನುಮತಿ ಕೊಡಿ. ಗೆಳೆಯರು ಫೋನಿನಿಂದ ಆಡುವವರಾದರೆ ಇನ್ನೊಂದು ವಿಷಯ ಗೊತ್ತಿರಲಿ. ಕಂಪ್ಯೂಟರ್‌ನ ಜಾವಾ ಆವೃತ್ತಿ 25565 ಅನ್ನು ಟಿಸಿಪಿಯಲ್ಲಿ ಬಳಸುತ್ತದೆ. ಫೋನಿನ ಬೆಡ್‌ರಾಕ್ ಆವೃತ್ತಿಗೆ ಬೇಕಾದದ್ದು 19132, ಅದೂ ಯುಡಿಪಿ ಎಂಬ ಬೇರೆ ಪದ್ಧತಿಯಲ್ಲಿ. ಅದಕ್ಕೆ ಸರ್ವರ್ ಕೂಡ ಬೇರೆಯೇ. ಫಾರ್ವರ್ಡಿಂಗ್ ಪುಟದಲ್ಲಿ ಟಿಸಿಪಿ ಆರಿಸಿ ಯುಡಿಪಿ ಬರಲಿ ಎಂದು ಕಾದರೆ ಬರುವುದಿಲ್ಲ.

ಪ್ರಶ್ನೆ: ಬೇಲೂರಿನಿಂದ ಬರೆಯುತ್ತಿದ್ದೇನೆ. ನಿವೃತ್ತ ಮೇಷ್ಟ್ರು. ಮಗ ಊರಿಗೆ ಬಂದಾಗ ಎಲ್ಲ ಸರಿ ಮಾಡಿಟ್ಟು ಹೋಗುತ್ತಾನೆ. ಹದಿನೈದು ದಿನ ಚೆನ್ನಾಗಿರುತ್ತದೆ. ಒಂದು ದಿನ ಕರೆಂಟ್ ಹೋಗಿ ಬಂತು ಎಂದರೆ ಅಲ್ಲಿಗೆ ಮುಗಿಯಿತು, ಅವನಿಗೆ ಅಲ್ಲಿಂದ ನಮ್ಮ ಮನೆಯ ಕ್ಯಾಮೆರಾ ಕಾಣುವುದಿಲ್ಲ. ಯಾಕೆ ಹೀಗೆ?

ಉತ್ತರ: ಮೇಷ್ಟ್ರೇ, ಕರೆಂಟ್ ಬಂದ ಮೇಲೆ ರೂಟರ್ ಮನೆಯ ಯಂತ್ರಗಳಿಗೆ ಹೊಸದಾಗಿ ವಿಳಾಸ ಹಂಚುತ್ತದೆ. ತರಗತಿಯಲ್ಲಿ ದಿನಾ ಹಾಜರಿ ಸಂಖ್ಯೆ ಬದಲಾದರೆ ಹೇಗೆ, ಹಾಗೆ. ಮೊನ್ನೆ 5 ಆಗಿದ್ದ ಕ್ಯಾಮೆರಾ ಇವತ್ತು 8, ಆದರೆ ಫಾರ್ವರ್ಡಿಂಗ್ ಇನ್ನೂ 5 ರ ಕಡೆಗೇ ಕಳಿಸುತ್ತಿರುತ್ತದೆ. ಮುಂದಿನ ಸಲ ಮಗ ಬಂದಾಗ ‘ಡಿಎಚ್‌ಸಿಪಿ ರಿಸರ್ವೇಶನ್’ ಮಾಡಲು ಹೇಳಿ. ಯಂತ್ರದ ಮ್ಯಾಕ್ ಸಂಖ್ಯೆ ನೋಡಿ ಪ್ರತಿ ಸಲ ಅದೇ ವಿಳಾಸ ಕೊಡುವ ವ್ಯವಸ್ಥೆ ಅದು. ಎರಡು ರೂಟರ್ ಇರುವುದರಿಂದ ಎರಡು ಕಡೆ ಮಾಡಬೇಕು. ಮೊದಲ ರೂಟರ್‌ನಲ್ಲಿ ಎರಡನೇ ರೂಟರ್‌ಗೆ, ಎರಡನೆಯದರಲ್ಲಿ ಕ್ಯಾಮೆರಾಗೆ.

ಅದೂ ಆದ ಮೇಲೆ ನಿಂತರೆ ಮನೆಯ ಹೊರಗಿನ ಐಪಿಯೇ ಬದಲಾಗಿರುತ್ತದೆ. ಅದಕ್ಕೆ ಡೈನಮಿಕ್ ಡಿಎನ್‌ಎಸ್ ಎಂಬ ಸೌಲಭ್ಯ ಇದೆ, ಸಂಖ್ಯೆಯ ಬದಲು ಒಂದು ಹೆಸರು ಸಿಗುತ್ತದೆ. ಅದನ್ನು ಎರಡನೇ ರೂಟರ್‌ನಲ್ಲಿ ಹಾಕಿದರೆ ಕೆಲವು ಸಲ ಅದು ತನ್ನ 192.168 ವಿಳಾಸವನ್ನೇ ಆ ಹೆಸರಿಗೆ ಬರೆದುಬಿಡುತ್ತದೆ. ಮೊದಲ ರೂಟರ್‌ನಲ್ಲೇ ಹಾಕಿಸಿ. ಎರಡೂ ರೂಟರ್‌ಗೆ ಒಂದೊಂದು ಸಣ್ಣ ಯುಪಿಎಸ್ ಇಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ಮಂಡಿ. ಅಂಗಡಿಯ ರೂಟರ್‌ಗೆ ಇನ್ನೊಂದು ಹೊಸ ರೂಟರ್ ಜೋಡಿಸಿದೆ. ಅದರಲ್ಲಿ ಇಂಟರ್ನೆಟ್ಟೇ ಬರುವುದಿಲ್ಲ. 192.168.1.1 ಹಾಕಿದರೆ ಒಂದು ರೂಟರ್‌ನ ಪುಟ ಮಾತ್ರ ತೆರೆಯುತ್ತದೆ, ಇನ್ನೊಂದರದ್ದು ಸಿಗುವುದೇ ಇಲ್ಲ.

ಉತ್ತರ: ಎರಡಕ್ಕೂ ಕಾರ್ಖಾನೆಯಿಂದ ಬಂದ ವಿಳಾಸ ಅದೇ 192.168.1.1. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಆಯಿತು. ಹೊಸ ರೂಟರ್‌ನ ವ್ಯಾನ್ ಕೇಬಲ್ ಕಿತ್ತು, ಅದಕ್ಕೆ ಮಾತ್ರ ಕಂಪ್ಯೂಟರ್ ಜೋಡಿಸಿ, ಲ್ಯಾನ್ ವಿಳಾಸವನ್ನು 192.168.50.1 ಎಂದು ಬದಲಿಸಿ. ಮತ್ತೆ ಕೇಬಲ್ ಹಾಕಿ. ಅಷ್ಟೇ ಕೆಲಸ. ಹೊರಗಿನಿಂದ ಯಾವುದನ್ನೂ ನೋಡಬೇಕಿಲ್ಲ, ಬರೀ ವೈಫೈ ಹಿಂದಿನ ಕೋಣೆಗೂ ಬೇಕು ಎಂದಾದರೆ ಮೇಲೆ ಹೇಳಿದ ಆಕ್ಸೆಸ್ ಪಾಯಿಂಟ್ ಮೋಡ್ ಇನ್ನೂ ಸುಲಭ.

ಪ್ರಶ್ನೆ: ಸಕಲೇಶಪುರದ ಹತ್ತಿರ ಹೋಂಸ್ಟೇ ನಡೆಸುತ್ತೇನೆ. ಕಂಪನಿಯ ರೂಟರ್ ನಮ್ಮ ಮನೆಯಲ್ಲಿದೆ, ಬಿಲ್ಲಿಂಗ್ ಕಂಪ್ಯೂಟರ್ ಅದಕ್ಕೇ ಇದೆ. ಅತಿಥಿಗಳಿಗೆ ಬೇರೆಯಾಗಿರಲಿ ಎಂದು ಎರಡನೇ ರೂಟರ್ ಇಟ್ಟೆ. ಡಬಲ್ ನ್ಯಾಟ್ ಇದ್ದರೆ ತಪ್ಪು, ತೆಗೆದುಹಾಕಿ ಎಂದು ಒಬ್ಬರು ಹೇಳಿದರು. ತೆಗೆಯಬೇಕಾ ಸರ್?

ಉತ್ತರ: ತೆಗೆಯಬೇಡಿ ಮೇಡಂ. ಡಬಲ್ ನ್ಯಾಟ್ ಒಂದು ರೋಗ ಅಲ್ಲ. ಹೊರಗಿನಿಂದ ಒಳಗೆ ಬರಬೇಕಾದವರಿಗೆ ಮಾತ್ರ ಅದು ಅಡ್ಡ. ಅತಿಥಿಗಳು ವಾಟ್ಸಾಪ್, ಯೂಟ್ಯೂಬ್ ನೋಡುತ್ತಾರೆ, ಅವರಿಗೆ ಎರಡು ಗೇಟು ಇದ್ದದ್ದು ಗೊತ್ತೂ ಆಗುವುದಿಲ್ಲ.

ಆದರೆ ನಿಮ್ಮ ಜೋಡಣೆ ತಿರುಗುಮುರುಗಾಗಿದೆ. ಇದು ನನಗೆ ಚಿಂತೆ ತಂದಿತು. ಗೇಟು ತಡೆಯುವುದು ಹೊರಗಿನಿಂದ ಬರುವವರನ್ನು, ಒಳಗಿನಿಂದ ಹೋಗುವವರನ್ನಲ್ಲ. ಈಗ ಅತಿಥಿಗಳು ಒಳಗಿನ ಗೇಟಿನ ಹಿಂದಿದ್ದಾರೆ. ಅವರು ಇಂಟರ್ನೆಟ್‌ಗೆ ಹೋಗುವುದೇ ನಿಮ್ಮ ಮನೆಯ ಕೇರಿಯ ಮೂಲಕ. ಅವರಲ್ಲಿ ಯಾರಾದರೂ 192.168.1 ರ ಯಾವುದೋ ವಿಳಾಸ ಹಾಕಿ ನೋಡಿದರೆ ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾವರೆಗೂ ಹೋಗಬಹುದು. ಬೇಕಾದರೆ ನೀವೇ ಅತಿಥಿ ವೈಫೈ ಹಿಡಿದು ಕಂಪನಿ ರೂಟರ್‌ನ ಲಾಗಿನ್ ಪುಟ ತೆರೆದು ನೋಡಿ, ತೆರೆಯುತ್ತದೆ.

ಅದಲು ಬದಲು ಮಾಡಿ. ಅತಿಥಿಗಳು ಕಂಪನಿಯ ರೂಟರ್‌ನಲ್ಲಿರಲಿ, ನಿಮ್ಮ ಮನೆ ಮತ್ತು ಬಿಲ್ಲಿಂಗ್ ಎರಡನೇ ರೂಟರ್‌ನ ಹಿಂದೆ ಬರಲಿ. ಆಗ ಅವರಿಗೆ ನಿಮ್ಮ ಕಡೆ ಬರಲು ದಾರಿ ಇರುವುದಿಲ್ಲ. ಕಂಪನಿ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದನ್ನು ಮರೆಯಬೇಡಿ, ಯಾಕೆಂದರೆ ಅದರ ಲಾಗಿನ್ ಪುಟ ಅತಿಥಿಗಳಿಗೆ ಆಗಲೂ ಕಾಣುತ್ತಿರುತ್ತದೆ. ನಿಮ್ಮ ರೂಟರ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಆಯ್ಕೆ ಇದ್ದರೆ ಅದೂ ಆಗುತ್ತದೆ, ಆದರೆ ಆ ರೂಟರ್ ಎರಡನೆಯದಾಗಿದ್ದರೆ ಮೊದಲ ರೂಟರ್‌ನ ಯಂತ್ರಗಳನ್ನೂ ಅದು ಮರೆ ಮಾಡುತ್ತದೆ ಎಂದು ನಂಬಿ ಕೂರಬೇಡಿ. ಅತಿಥಿ ವೈಫೈ ಹಿಡಿದು ನಿಮ್ಮದೇ ಪ್ರಿಂಟರ್‌ನ ವಿಳಾಸ ಹಾಕಿ ನೋಡಿ. ಪುಟ ತೆರೆಯಬಾರದು.